ಡೀಸೆಲ್ಲೋ, ಪೆಟ್ರೋಲೋ? ಒಂದು ನೋಟ್‌ಬುಕ್ಕಿನ ಲೆಕ್ಕ

ದಸರಾ ರಜೆಯಲ್ಲಿ ನಮ್ಮ ಮನೆಯಲ್ಲಿ ಒಂದೇ ಮಾತು: ಕಾರು. ತೆಗೆದುಕೊಳ್ಳಬೇಕೋ ಬೇಡವೋ ಎಂಬುದು ಆಗಲೇ ತೀರ್ಮಾನವಾಗಿತ್ತು. ಅಜ್ಜಂಪುರದಲ್ಲಿ ಚಾಚಾ ಮನೆಯಲ್ಲಿರುವ ದಾದಿಮಾಗೆ ಮೊಣಕಾಲಿನ ಆಪರೇಷನ್ ಆಗಿದೆ. ಹದಿನೈದು ದಿನಕ್ಕೊಮ್ಮೆ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಬಸ್ಸಿನ ಮೆಟ್ಟಿಲು ಅವರಿಂದ ಹತ್ತಲಾಗುವುದಿಲ್ಲ. ಚಾಚಾ ಬಳಿ ಕಾರಿದೆ, ಆದರೆ ಅವರದು ಈರುಳ್ಳಿ ವ್ಯಾಪಾರ. ಇವತ್ತು ಹೊಸದುರ್ಗ, ನಾಳೆ ದಾವಣಗೆರೆ, ನಾಡಿದ್ದು ಯಶವಂತಪುರದ ಮಂಡಿ. ಬೇಕೆಂದಾಗ ಅವರೂ ಸಿಗುವುದಿಲ್ಲ, ಕಾರೂ ಸಿಗುವುದಿಲ್ಲ. ಪ್ರತಿ ಸಲ ಬಾಡಿಗೆ ಕಾರು ಮಾಡಿ ಅಬ್ಬಾ ಸುಸ್ತಾಗಿದ್ದರು.

ಉಳಿದದ್ದು ಎಂಥ ಕಾರು ಎಂಬ ಪ್ರಶ್ನೆ. ಅಬ್ಬಾ ಆರು ವರ್ಷ ಕೂಡಿಟ್ಟ ಹಣ 5 ಲಕ್ಷ ರೂಪಾಯಿ. ಬಡ್ಡಿ ಸಾಲ ಅವರು ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಕಂತಿನ ಮಾತೇ ಇಲ್ಲ. ಇದೇ ಹಣದಲ್ಲಿ ಕಾರೂ ಬರಬೇಕು, ಆಪಾಳ ಬಿ.ಇಡಿ. ಮೊದಲ ವರ್ಷದ ಫೀಸೂ ಬರಬೇಕು. ಫೀಸು, ಹಾಸ್ಟೆಲ್ ಎಲ್ಲ ಸೇರಿ 56 ಸಾವಿರ. ದಾದಿಮಾರ ಆಪರೇಷನ್ ಖರ್ಚಿನಿಂದಾಗಿ ಆಪಾ ಕಳೆದ ವರ್ಷವೇ ಸೇರದೆ ಮನೆಯಲ್ಲಿ ಉಳಿದಿದ್ದಾಳೆ. ಅವಳು ಈ ಬಗ್ಗೆ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ಎರಡು ಸೆಕೆಂಡ್ ಹ್ಯಾಂಡ್ ಕಾರು ನೋಡಿದೆವು. ಎರಡೂ ಮಾರುತಿ ಸ್ವಿಫ್ಟ್, ಎರಡೂ 2017ರ ಮಾಡೆಲ್. ತರೀಕೆರೆಯದ್ದು ಕೆಎ 66 ನಂಬರಿನ ಪೆಟ್ರೋಲ್ ಕಾರು, ಬೆಲೆ 4,30,000. ಕಡೂರಿನದ್ದು ಕೆಎ 18 ನಂಬರಿನ ಡೀಸೆಲ್ ಕಾರು, ಬೆಲೆ 4,90,000. ವ್ಯತ್ಯಾಸ 60 ಸಾವಿರ. ಹೆಸರು ವರ್ಗಾವಣೆ, ವಿಮೆ ಎಂದು ಎರಡಕ್ಕೂ ಸುಮಾರು 12 ಸಾವಿರ ಬೇಕು. ಪೆಟ್ರೋಲ್ ಕಾರು ತೆಗೆದುಕೊಂಡರೆ 58 ಸಾವಿರ ಉಳಿಯುತ್ತದೆ. ಡೀಸೆಲ್ ಆದರೆ 2 ಸಾವಿರ ಕಡಿಮೆ ಬೀಳುತ್ತದೆ.

ಚಾಚಾ ಮಾತ್ರ ಡೀಸೆಲ್ ಬಿಟ್ಟು ಬೇರೆ ಮಾತೇ ಆಡಲಿಲ್ಲ. "ಭಾಯ್, ಹದಿಮೂರು ವರ್ಷದಿಂದ ಡೀಸೆಲ್ ಓಡಿಸ್ತಿದ್ದೀನಿ. ಮೊದಲು ಕೊಟ್ಟ ಹಣ ಎರಡು ವರ್ಷದಲ್ಲಿ ವಾಪಸ್ ಬರುತ್ತೆ. ಆಮೇಲೆ ಬರೋದೆಲ್ಲ ಲಾಭ" ಎಂದರು. ಅಬ್ಬಾ ತಲೆಯಾಡಿಸಿದರು. ಆಗ ಅಮ್ಮಿ ನನ್ನ ಕಡೆ ನೋಡಿ, "ಕಾಮರ್ಸ್ ಓದ್ತಿದ್ದೀಯಲ್ಲ ಬೇಟಾ, ಒಂದು ಸಲ ಲೆಕ್ಕ ಹಾಕು" ಎಂದರು. ಈ ಲೇಖನ ಹುಟ್ಟಿದ್ದು ಹೀಗೆ.

ನಮ್ಮ ದ್ವಿತೀಯ ಪಿಯು ಅರ್ಥಶಾಸ್ತ್ರದಲ್ಲಿ ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂದು ಪಾಠವಿದೆ. ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ, ಮನೆಯ ಯಾವುದಕ್ಕೂ ಹಚ್ಚಿ ನೋಡುವುದಿಲ್ಲ. ಕಾರು ಕೊಳ್ಳುವಾಗ ಕೊಡುವ ಬೆಲೆ ಸ್ಥಿರ ವೆಚ್ಚ. ಅದು ಕಾರು ಓಡಿದರೂ ಹೋಗುತ್ತದೆ, ಶೆಡ್ಡಿನಲ್ಲಿ ನಿಂತರೂ ಹೋಗುತ್ತದೆ. ಬಂಕಿನಲ್ಲಿ ಹಾಕಿಸುವ ಎಣ್ಣೆ ಓಡಿದಷ್ಟೂ ಏರುವ ವೆಚ್ಚ. ಡೀಸೆಲ್ ಕಾರಿನಲ್ಲಿ ಮೊದಲನೆಯದು ಹೆಚ್ಚು, ಎರಡನೆಯದು ಕಡಿಮೆ. ಎಷ್ಟು ಕಿಲೋಮೀಟರ್ ಓಡಿದ ಮೇಲೆ ಎರಡೂ ಸಮ ಆಗುತ್ತವೆ ಎಂಬುದೇ ಪ್ರಶ್ನೆ.

ನಾನು ಲೆಕ್ಕ ಹಾಕಿದ ದಿನ ನಮ್ಮ ಬಂಕಿನಲ್ಲಿ, ಪೈಸೆ ಬಿಟ್ಟು ಹೇಳುವುದಾದರೆ, ಪೆಟ್ರೋಲ್ ಲೀಟರಿಗೆ 104 ರೂಪಾಯಿ, ಡೀಸೆಲ್ 92. ಮೈಲೇಜ್ ವಿಷಯದಲ್ಲಿ ಕಂಪನಿಯ ಅಂಕಿ ನಂಬುವ ಹಾಗಿಲ್ಲ. ಆ ವರ್ಷದ ಸ್ವಿಫ್ಟ್‌ಗೆ ಪೆಟ್ರೋಲಿನಲ್ಲಿ 20.4, ಡೀಸೆಲಿನಲ್ಲಿ 25.2 ಕಿ.ಮೀ. ಎಂದು ಬರೆದಿರುತ್ತಾರೆ. ಅದು ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಪರೀಕ್ಷೆ ಮಾಡಿದ ಸಂಖ್ಯೆ. ಅಲ್ಲಿ ಹಂಪ್ ಇಲ್ಲ, ಎದುರು ಬರುವ ಎತ್ತಿನ ಗಾಡಿ ಇಲ್ಲ, ಬೀರೂರಿನ ಟ್ರಾಫಿಕ್ ಇಲ್ಲ. ಇಂಥ ಕಾರು ಇಟ್ಟುಕೊಂಡಿರುವ ಐದಾರು ಜನರನ್ನು ಕೇಳಿ ಪೆಟ್ರೋಲಿಗೆ 16, ಡೀಸೆಲಿಗೆ 20 ಎಂದು ಇಟ್ಟುಕೊಂಡೆ.

ಪೆಟ್ರೋಲಿಗೆ 104 ಭಾಗಿಸು 16, ಅಂದರೆ ಕಿಲೋಮೀಟರಿಗೆ 6 ರೂಪಾಯಿ 50 ಪೈಸೆ. ಡೀಸೆಲಿಗೆ 92 ಭಾಗಿಸು 20, ಅಂದರೆ 4 ರೂಪಾಯಿ 60 ಪೈಸೆ. ಪ್ರತಿ ಕಿಲೋಮೀಟರಿಗೆ ಉಳಿಯುವುದು 1 ರೂಪಾಯಿ 90 ಪೈಸೆ. ಹೆಚ್ಚು ಕೊಟ್ಟ 60 ಸಾವಿರವನ್ನು 1.90ರಿಂದ ಭಾಗಿಸಿದರೆ ಸುಮಾರು 31,600 ಕಿ.ಮೀ. ಅಷ್ಟು ಓಡಿದ ಮೇಲೆಯೇ ಡೀಸೆಲ್ ಕಾರು ನಮಗೆ ಮೊದಲ ರೂಪಾಯಿ ಉಳಿಸಿಕೊಡುವುದು.

ಈಗ ನಾವು ತಿಂಗಳಿಗೆ ಎಷ್ಟು ಓಡಿಸುತ್ತೇವೆ? ಅಬ್ಬಾ, "1,500 ಆಗ್ತದೆ" ಎಂದರು. ಹಾಗಾದರೆ ತಿಂಗಳಿಗೆ 2,850 ರೂಪಾಯಿ ಉಳಿತಾಯ, 21 ತಿಂಗಳಲ್ಲಿ 60 ಸಾವಿರ ವಾಪಸ್. ಚಾಚಾ ಹೇಳಿದ ಎರಡು ವರ್ಷಕ್ಕಿಂತಲೂ ಕಡಿಮೆ! ಆ ರಾತ್ರಿ ನಾನು ಡೀಸೆಲ್ ಎಂದೇ ಹೇಳಿ ಮಲಗಿದೆ. ಚಾಚಾಗೆ ಫೋನ್ ಕೂಡ ಹೋಯಿತು.

ಮರುದಿನ ಅಮ್ಮಿ ಹಾಲು ಕಾಯಿಸುತ್ತಾ ಸುಮ್ಮನೆ ಕೇಳಿದರು, "1,500 ಎಲ್ಲಿಗೆ ಹೋಗ್ತೀರಿ?" ನನ್ನ ಬಳಿ ಉತ್ತರ ಇರಲಿಲ್ಲ. ಅಬ್ಬಾ ಬಳಿಯೂ ಇರಲಿಲ್ಲ.

ಹಾಗಾಗಿ ಒಂದು ಹಳೆಯ ನೋಟ್‌ಬುಕ್ ತೆಗೆದುಕೊಂಡು, ಕಾರು ಇದ್ದಿದ್ದರೆ ಅದರಲ್ಲೇ ಹೋಗುತ್ತಿದ್ದೆವು ಎನ್ನುವ ಪ್ರತಿ ಪ್ರಯಾಣವನ್ನೂ ಒಂದು ತಿಂಗಳು ಬರೆದಿಟ್ಟೆ. ಬಾಡಿಗೆ ಕಾರಿನ ಪ್ರಯಾಣವಾದರೆ ಮೀಟರ್ ನೋಡಿ, ಬಸ್ಸಾದರೆ ಫೋನಿನ ನಕ್ಷೆ ನೋಡಿ. ಕಡೂರಿನಿಂದ ಬೀರೂರು, ಅಜ್ಜಂಪುರ, ತರೀಕೆರೆ ಮೇಲಾಗಿ ಶಿವಮೊಗ್ಗ, ಮತ್ತೆ ವಾಪಸ್: ಸುಮಾರು 175. ಅದು ತಿಂಗಳಿಗೆ ಎರಡು ಸಲ. ಆಸ್ಪತ್ರೆ ಇಲ್ಲದ ವಾರಗಳಲ್ಲಿ ದಾದಿಮಾರನ್ನು ನೋಡಲು ಅಜ್ಜಂಪುರಕ್ಕೆ ಹೋಗಿ ಬರುವುದು 55ರಂತೆ ಎರಡು ಸಲ. ತರೀಕೆರೆಯ ಖಾಲಾ ಮನೆಗೆ ಒಂದು ಸಲ, 70. ಉಳಿದದ್ದು ಊರೊಳಗೆ ಅಂಗಡಿ, ಸ್ಟೇಷನ್, ಟ್ಯೂಷನ್ ಎಂದು ದಿನಕ್ಕೆ ನಾಲ್ಕು ಕಿಲೋಮೀಟರ್. ಒಟ್ಟು ಕೂಡಿದರೆ 650.

ಅಬ್ಬಾರ ಅಂದಾಜಿನ ಅರ್ಧವೂ ಇಲ್ಲ. ಅವರು ಸುಳ್ಳು ಹೇಳಿರಲಿಲ್ಲ. ನೂರ ಎಪ್ಪತ್ತೈದು ಕಿಲೋಮೀಟರಿನ ಒಂದು ದಿನ ಮೈಗೆ ಎಷ್ಟು ಆಯಾಸ ಕೊಡುತ್ತದೆಂದರೆ, ಅಂಥ ದಿನಗಳು ತಿಂಗಳಿಗೆ ಎಂಟು ಹತ್ತು ಇವೆಯೇನೋ ಅನ್ನಿಸಿಬಿಡುತ್ತದೆ.

650 ಕಿ.ಮೀ.ಗೆ ಉಳಿತಾಯ ತಿಂಗಳಿಗೆ 1,235, ವರ್ಷಕ್ಕೆ 14,820. ಇಷ್ಟೂ ಕೈಗೆ ಉಳಿಯುವುದಿಲ್ಲ. ತರೀಕೆರೆಯ ಮೆಕ್ಯಾನಿಕ್ ಒಬ್ಬರು ವಿವರಿಸಿದಂತೆ ಡೀಸೆಲ್ ಫಿಲ್ಟರ್, ದೊಡ್ಡ ಬ್ಯಾಟರಿ, ಸರ್ವಿಸ್ ಎಲ್ಲ ಸೇರಿ ವರ್ಷಕ್ಕೆ ಅಂದಾಜು 3 ಸಾವಿರ ಹೆಚ್ಚು ಹಿಡಿಯಬೇಕು. ಉಳಿಯುವುದು 11,820. 60 ಸಾವಿರ ವಾಪಸ್ ಬರಲು ಐದು ವರ್ಷ ದಾಟುತ್ತದೆ. ಕಾರಿಗೆ ಆಗಲೇ ಎಂಟು ವರ್ಷ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ನವೀಕರಿಸಬೇಕು. ಅಂದರೆ ಆ ಕಾರು ನಮಗೆ ಲಾಭ ಕೊಡಲು ಶುರು ಮಾಡುವ ಹೊತ್ತಿಗೆ ಅದಕ್ಕೆ ಹದಿಮೂರು ವರ್ಷವಾಗಿ, ನೋಂದಣಿಗೆ ಉಳಿಯುವುದು ಎರಡು ವರ್ಷ. ಅಷ್ಟರಲ್ಲಿ ಒಂದು ಸಲ ಇಂಜೆಕ್ಟರೋ ಟರ್ಬೋ ಕೈಕೊಟ್ಟರೆ ಎರಡು ವರ್ಷದ ಉಳಿತಾಯ ಒಂದೇ ಬಿಲ್ಲಿನಲ್ಲಿ ಹೋಗುತ್ತದೆ ಎಂದು ಆ ಮೆಕ್ಯಾನಿಕ್ ಹೇಳಿದರು. ಮೀಟರ್ ಕೂಡ ನೋಡಿದೆವು. ಪೆಟ್ರೋಲ್ ಕಾರು 58 ಸಾವಿರ ಕಿ.ಮೀ. ಓಡಿತ್ತು, ಡೀಸೆಲ್ ಕಾರು 1 ಲಕ್ಷ 12 ಸಾವಿರ. ಇದು ಸಹಜ, ಹೆಚ್ಚು ಓಡಿಸುವವರೇ ತಾನೆ ಡೀಸೆಲ್ ಕೊಳ್ಳುವುದು.

ಹಾಗಾದರೆ ಚಾಚಾ ಹೇಳಿದ್ದು ತಪ್ಪೇ? ಇಲ್ಲ. ಅವರು ತಿಂಗಳಿಗೆ 2,400 ಕಿ.ಮೀ. ಓಡಿಸುತ್ತಾರೆ. ಎಣ್ಣೆಯಲ್ಲೇ 4,560 ರೂಪಾಯಿ ಉಳಿಯುತ್ತದೆ. ಹೆಚ್ಚು ಓಡಿದ್ದಕ್ಕೆ ಸರ್ವಿಸ್ ಖರ್ಚನ್ನು ದುಪ್ಪಟ್ಟು ಹಿಡಿದರೂ ಹದಿನೈದು ತಿಂಗಳಲ್ಲಿ 60 ಸಾವಿರ ವಾಪಸ್. ಒಂದೇ ಕಾರು, ಒಂದೇ ಬಂಕು, ಎರಡು ಮನೆಗೆ ಎರಡು ಉತ್ತರ.

ಅವರ ಮಾತಿನಲ್ಲಿ ಹಳತಾಗಿದ್ದ ಒಂದು ಅಂಶವೂ ಇತ್ತು. ಚಾಚಾ ಮೊದಲ ಡೀಸೆಲ್ ಕಾರು ಕೊಂಡದ್ದು 2012ರಲ್ಲಿ. ಆಗಿನ ಕಾಲ ಬೇರೆ. ಪೆಟ್ರೋಲ್ ಬೆಲೆಯನ್ನು ಸರ್ಕಾರ 2010ರ ಜೂನ್‌ನಲ್ಲಿ ತನ್ನ ಹಿಡಿತದಿಂದ ಬಿಟ್ಟಿತ್ತು. ಲಾರಿ, ಬಸ್ಸು, ಪಂಪ್‌ಸೆಟ್ಟುಗಳ ಕಾರಣಕ್ಕೆ ಡೀಸೆಲ್ ಬೆಲೆಯನ್ನು ಮಾತ್ರ ಹಿಡಿದಿಟ್ಟಿತ್ತು. 2012ರ ಮೇ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ಇದ್ದರೆ ಡೀಸೆಲ್ ಸುಮಾರು 41. ವ್ಯತ್ಯಾಸ 32 ರೂಪಾಯಿ! ಅದೇ 16 ಮತ್ತು 20 ಮೈಲೇಜ್ ಹಿಡಿದರೆ, ಪೆಟ್ರೋಲ್ ಕಾರಿನ ಖರ್ಚಿನ ಅರ್ಧಕ್ಕಿಂತ ಕಡಿಮೆಯಲ್ಲಿ ಡೀಸೆಲ್ ಕಾರು ಓಡುತ್ತಿತ್ತು. ಆಗ ಡೀಸೆಲ್ ಕಾರಿಗೆ ಜನ ತಿಂಗಳುಗಟ್ಟಲೆ ಕಾದದ್ದರಲ್ಲಿ ಆಶ್ಚರ್ಯವಿಲ್ಲ. 2013ರ ಜನವರಿಯಿಂದ ಡೀಸೆಲ್ ಬೆಲೆಯನ್ನು ತಿಂಗಳಿಗೆ ಐವತ್ತು ಪೈಸೆಯಂತೆ ಏರಿಸುತ್ತಾ ಬಂದು, 2014ರ ಅಕ್ಟೋಬರ್‌ನಲ್ಲಿ ಅದನ್ನೂ ಮುಕ್ತಗೊಳಿಸಿದರು. ನಮ್ಮ ರಾಜ್ಯದಲ್ಲಿ 2024ರ ಜೂನ್‌ನಲ್ಲಿ ಎರಡರ ಮೇಲೂ ತೆರಿಗೆ ಏರಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಒಂದರ ಮೇಲೆ ಮತ್ತೆ ಏರಿ ಲೀಟರಿಗೆ 2 ರೂಪಾಯಿ ಹೆಚ್ಚಾಯಿತು. ಈಗ ವ್ಯತ್ಯಾಸ 12 ರೂಪಾಯಿ. ಪೆಟ್ರೋಲ್ ಕಾರಿಗೆ 10 ರೂಪಾಯಿ ಖರ್ಚಾಗುವಲ್ಲಿ ಡೀಸೆಲ್ ಕಾರಿಗೆ 7 ರೂಪಾಯಿ ಖರ್ಚಾಗುತ್ತದೆ.

ಇನ್ನೊಂದು ರೀತಿಯಲ್ಲೂ ನೋಡಬಹುದು. ಉಳಿಯುವ 1.90 ರೂಪಾಯಿಯಲ್ಲಿ ಬೆಲೆಯಿಂದ ಬರುವುದು ಎಷ್ಟು, ಎಂಜಿನ್ನಿನಿಂದ ಬರುವುದು ಎಷ್ಟು? ಡೀಸೆಲೂ 104 ರೂಪಾಯಿಯೇ ಆಗಿದ್ದರೆ ಕಿಲೋಮೀಟರಿಗೆ 5.20 ಬೀಳುತ್ತಿತ್ತು. ಅಂದರೆ 1.30 ಎಂಜಿನ್ನಿನ ಕೊಡುಗೆ, ಕೇವಲ 60 ಪೈಸೆ ಬೆಲೆಯ ಕೊಡುಗೆ. ಬಂಕಿನ ಬೋರ್ಡು ನೋಡಿ "ಡೀಸೆಲ್ ಅಗ್ಗ" ಎನ್ನುವ ಕಾಲ ಮುಗಿಯುತ್ತಾ ಬಂದಿದೆ.

ಎಂಜಿನ್ನಿಗೆ ಆ ಶಕ್ತಿ ಎಲ್ಲಿಂದ? ಇದನ್ನು ನಾನು ವಿಜ್ಞಾನ ವಿಭಾಗದ ಗೆಳೆಯನಿಂದ ಕ್ಯಾಂಟೀನಿನಲ್ಲಿ ಒಂದು ಸಮೋಸಾ ಕೊಡಿಸಿ ಕಲಿತೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲ್ ಬೆರೆತ ಮಿಶ್ರಣವನ್ನು ಸುಮಾರು ಹತ್ತನೇ ಒಂದು ಭಾಗಕ್ಕೆ ಒತ್ತಿ, ಪ್ಲಗ್ಗಿನ ಕಿಡಿಯಿಂದ ಹೊತ್ತಿಸುತ್ತಾರೆ. ಇನ್ನೂ ಒತ್ತಿದರೆ ಕಿಡಿ ಬೀಳುವ ಮೊದಲೇ ಹೊತ್ತಿಕೊಂಡು ಎಂಜಿನ್ ಬಡಿಯತೊಡಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಬರೀ ಗಾಳಿಯನ್ನು ಹದಿನೇಳನೇ ಒಂದು ಭಾಗದಷ್ಟಕ್ಕೆ ಒತ್ತುತ್ತಾರೆ. ಸೈಕಲ್ ಪಂಪ್ ಹೊಡೆದಾಗ ಅದರ ಬುಡ ಬಿಸಿಯಾಗುವುದಿಲ್ಲವೇ, ಹಾಗೆ ಗಾಳಿ ವಿಪರೀತ ಬಿಸಿಯಾಗುತ್ತದೆ. ಅದರೊಳಕ್ಕೆ ಸಿಂಪಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಹೆಚ್ಚು ಒತ್ತಿದಷ್ಟೂ ಶಾಖದ ಹೆಚ್ಚಿನ ಪಾಲು ಕೆಲಸವಾಗಿ ಬದಲಾಗುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಮಾಡಿ ತೋರಿಸಿದ್ದು ಇದನ್ನೇ. ಜೊತೆಗೆ ಡೀಸೆಲ್ ಪೆಟ್ರೋಲಿಗಿಂತ ಸಾಂದ್ರ, ಒಂದು ಲೀಟರಿನಲ್ಲಿ ಶೇ 10ಕ್ಕಿಂತ ಸ್ವಲ್ಪ ಹೆಚ್ಚು ಶಕ್ತಿ ಅಡಗಿರುತ್ತದೆ. ಇಷ್ಟು ಒತ್ತಡ ತಡೆಯಲು ಎಂಜಿನ್ ಗಟ್ಟಿಯಾಗಿರಬೇಕು, ಸಿಂಪಡಿಸುವ ಪಂಪು ಸೂಕ್ಷ್ಮವಾಗಿರಬೇಕು. ಹಾಗಾಗಿಯೇ ಬೆಲೆ ಹೆಚ್ಚು, ರಿಪೇರಿಯೂ ದುಬಾರಿ.

ಎಳೆಯುವ ಬಲದಲ್ಲಿ ಡೀಸೆಲ್ಲಿಗೆ ಸಾಟಿಯಿಲ್ಲ ಎಂಬುದನ್ನೂ ಒಪ್ಪಬೇಕು. ಈ ಎರಡು ಸ್ವಿಫ್ಟ್‌ಗಳಲ್ಲೇ ಪೆಟ್ರೋಲಿನ ಟಾರ್ಕ್ ಸುಮಾರು 115 ನ್ಯೂಟನ್ ಮೀಟರ್, ಅದೂ 4,000 ಸುತ್ತಿನಲ್ಲಿ. ಡೀಸೆಲಿನದು 190, ಅದೂ 2,000 ಸುತ್ತಿನಲ್ಲೇ. ಐದು ಜನ ಕೂತು ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿ ಹತ್ತುವಾಗ ಗೊತ್ತಾಗುತ್ತದೆ. ಆದರೆ ನಾವು ಕೆಮ್ಮಣ್ಣುಗುಂಡಿ ಹತ್ತುವುದು ಮೂರು ವರ್ಷಕ್ಕೊಮ್ಮೆ, ಅದೂ ಮುಂಬೈಯಿಂದ ನೆಂಟರು ಬಂದರೆ.

ನಮ್ಮ ನೋಟ್‌ಬುಕ್ಕಿನ ಇನ್ನೊಂದು ಸಾಲೂ ಡೀಸೆಲ್ಲಿಗೆ ವಿರುದ್ಧವಾಗಿತ್ತು: ದಿನಕ್ಕೆ ನಾಲ್ಕು ಕಿಲೋಮೀಟರಿನ ಊರೊಳಗಿನ ಓಡಾಟ. ಡೀಸೆಲ್ ಎಂಜಿನ್ ಬಿಸಿಯಾಗಿ ಹದಕ್ಕೆ ಬರಲು ಹೊತ್ತು ಬೇಕು. ಎರಡು ಕಿಲೋಮೀಟರಿಗೆ ಆರಿಸಿಬಿಟ್ಟರೆ ಅದು ಹದಕ್ಕೆ ಬರುವುದೇ ಇಲ್ಲ. 2020ರ ಏಪ್ರಿಲ್ 1ರಿಂದ ಬಂದಿರುವ ಬಿಎಸ್ 6 ಡೀಸೆಲ್ ಕಾರು ಕೊಳ್ಳುವವರು ಇದನ್ನು ಇನ್ನೂ ಗಮನಿಸಬೇಕು. ಅವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ವೇಗವಾಗಿ ಓಡಿದಾಗ ಆ ಮಸಿ ತಾನೇ ಸುಟ್ಟು ಹೋಗುತ್ತದೆ. ಬರೀ ಪೇಟೆಯೊಳಗೆ ಓಡಿಸಿದರೆ ಕಟ್ಟಿಕೊಂಡು ಎಚ್ಚರಿಕೆ ದೀಪ ಹೊತ್ತುತ್ತದೆ. ಕಡೂರಿನಿಂದ ತರೀಕೆರೆಗೆ ಹೆದ್ದಾರಿಯಲ್ಲಿ ದಿನಾ ಹೋಗಿ ಬರುವ ನಮ್ಮ ಉಪನ್ಯಾಸಕರಂಥವರಿಗೆ ಈ ತೊಂದರೆ ಇಲ್ಲ. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವುದಕ್ಕಷ್ಟೇ ಕಾರು ಬಳಸುವವರಿಗೆ ಇದೆ.

ಹೊಗೆಯ ಲೆಕ್ಕ ನೇರವಾಗಿಲ್ಲ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್, ಡೀಸೆಲ್ ಸುಟ್ಟರೆ ಸುಮಾರು 2.7. ಮೈಲೇಜ್ ಹೆಚ್ಚಿರುವುದರಿಂದ ಕಿಲೋಮೀಟರ್ ಲೆಕ್ಕದಲ್ಲಿ ಡೀಸೆಲ್ಲೇ ತುಸು ಕಡಿಮೆ. ಆದರೆ ಹಳೆಯ ಡೀಸೆಲ್ ಕಾರು ಬಿಡುವ ಮಸಿ ಮತ್ತು ಸಾರಜನಕದ ಆಕ್ಸೈಡ್‌ಗಳು ಹೆಚ್ಚು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ.

ಚಾಚಾ ಸುಲಭಕ್ಕೆ ಬಿಡುವವರಲ್ಲ. "ಮಾರುವಾಗ ಡೀಸೆಲ್ಲಿಗೇ ಜಾಸ್ತಿ ಬೆಲೆ ಬರೋದು" ಎಂದರು. ಇದು ಅವರ ಗಟ್ಟಿ ವಾದ. ಇಂದು ಹೆಚ್ಚು ಕೊಟ್ಟ 60 ಸಾವಿರದಲ್ಲಿ ಒಂದು ಪಾಲು ಮುಂದೆ ವಾಪಸ್ ಬರಬಹುದು. ಆದರೆ ಮಾರುತಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿದೆ. ಸದ್ಯಕ್ಕೆ ಬಿಡಿಭಾಗದ ತೊಂದರೆಯಿಲ್ಲ, ಫಿಯೆಟ್ ಮೂಲದ ಆ 1,248 ಸಿಸಿ ಎಂಜಿನ್ ಅನೇಕ ಕಾರುಗಳಲ್ಲಿ ಇದ್ದುದರಿಂದ ಪ್ರತಿ ಊರಿನ ಮೆಕ್ಯಾನಿಕ್‌ಗೂ ಅದು ಗೊತ್ತು. ಐದು ವರ್ಷದ ನಂತರ ಅದನ್ನು ಯಾರು, ಎಷ್ಟಕ್ಕೆ ಕೊಳ್ಳುತ್ತಾರೆ ಎಂಬುದರ ಮೇಲೆ ಆಪಾಳ ಫೀಸನ್ನು ಪಣಕ್ಕಿಡಲು ನನಗೆ ಮನಸ್ಸಾಗಲಿಲ್ಲ. ಅಬ್ಬಾಗೆ ಇಷ್ಟನ್ನೇ ಹೇಳಿದೆ. ಅವರು ನೋಟ್‌ಬುಕ್ ತೆಗೆದುಕೊಂಡು ಎರಡು ಸಲ ಕೂಡಿಸಿ ನೋಡಿದರು. ಆಮೇಲೆ, "650 ಸರಿಯಾಗಿದೆ" ಎಂದರು.

ಹೊಸ ಕಾರು ನೋಡುತ್ತಿರುವವರಿಗೂ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ, ಡೀಸೆಲ್ 1,500 ಸಿಸಿ ಮೀರಬಾರದು. ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಕಾರಿನ ಬೆಲೆಯ ಮೇಲೆ ಶೇಕಡಾವಾರು ಲೆಕ್ಕ. 5ರಿಂದ 10 ಲಕ್ಷದವರೆಗೆ ಶೇ 14, ಅದನ್ನು ಮೀರಿದರೆ ಶೇ 17, ಅದರ ಮೇಲೆ ಸೆಸ್. ಪೆಟ್ರೋಲ್ ಮಾದರಿ 10 ಲಕ್ಷದ ಒಳಗಿದ್ದು ಡೀಸೆಲ್ ಮಾದರಿ ಸ್ವಲ್ಪ ಮೀರಿದರೂ ತೆರಿಗೆಯಲ್ಲಿ ದೊಡ್ಡ ಏಟು ಬೀಳುತ್ತದೆ. ಶೋರೂಮಿನಲ್ಲಿ ಹೇಳುವ ಬೆಲೆಗಳ ವ್ಯತ್ಯಾಸವನ್ನಲ್ಲ, ರಸ್ತೆಗಿಳಿದಾಗಿನ ಬೆಲೆಗಳ ವ್ಯತ್ಯಾಸವನ್ನು ಭಾಗಿಸಿ ನೋಡಿ. ಥರ್ಡ್ ಪಾರ್ಟಿ ವಿಮೆಯಲ್ಲಿ ಮಾತ್ರ ಭೇದವಿಲ್ಲ, 1,000ದಿಂದ 1,500 ಸಿಸಿವರೆಗೆ ಎರಡಕ್ಕೂ ಒಂದೇ ದರ.

ಇದೆಲ್ಲದರ ನಡುವೆ ಹೇಳಲೇಬೇಕಾದ ಒಂದು ಸಂಗತಿ: ಕಿಲೋಮೀಟರ್ ಲೆಕ್ಕದಲ್ಲಿ ನಮ್ಮ ಕೆಂಪು ಬಸ್ಸಿಗೆ ಯಾವ ಕಾರೂ ಸಮವಲ್ಲ. ಶಕ್ತಿ ಯೋಜನೆ ಬಂದ ಮೇಲೆ ಅಮ್ಮಿ, ಆಪಾ ಇಬ್ಬರಿಗೂ ಕಿಲೋಮೀಟರಿಗೆ ಸೊನ್ನೆ ರೂಪಾಯಿ. ಕಾರು ಬಂದ ಮೇಲೂ ಅಮ್ಮಿ ತರೀಕೆರೆಗೆ ಬಸ್ಸಿನಲ್ಲೇ ಹೋಗುತ್ತಾರೆ.

ತರೀಕೆರೆಯ ಪೆಟ್ರೋಲ್ ಕಾರು ಮನೆಗೆ ಬಂತು. ಆಪಾಳ ಫೀಸು ಕಟ್ಟಿ ಆಯಿತು, ಹಾಸ್ಟೆಲಿಗೂ ಹೋದಳು. ನೋಟ್‌ಬುಕ್ ಈಗ ಕಾರಿನ ಡ್ಯಾಶ್‌ಬೋರ್ಡಿನಲ್ಲಿದೆ. ಮೊದಲ ತಿಂಗಳು ಓಡಿದ್ದು 702 ಕಿ.ಮೀ., ಸಿಕ್ಕ ಮೈಲೇಜ್ 16 ಅಲ್ಲ, 15.4. ಅಂದರೆ ಕಿಲೋಮೀಟರಿಗೆ 6 ರೂಪಾಯಿ 75 ಪೈಸೆ. ಡೀಸೆಲ್ 20 ಕೊಡುತ್ತಿತ್ತು ಎಂದೇ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದರೆ, ಐದು ವರ್ಷ ಎಂದದ್ದು ನಾಲ್ಕಕ್ಕೆ ಇಳಿಯುತ್ತದೆ. ಚಾಚಾ ಮನೆಗೆ ಬಂದಾಗ ಇದನ್ನು ಮುಚ್ಚಿಡದೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿ, "ಇನ್ನೂ ಇಳಿಯುತ್ತೆ, ಬರೀತಾ ಇರು" ಎಂದು ನಕ್ಕರು. ಬರೆಯುತ್ತಿದ್ದೇನೆ.